ತೋಟ ಮಾಸ್ತರರದು, ಕಸ ನನ್ನದು

ಎರಡು ಲಕ್ಷ ಇಪ್ಪತ್ತೈದು ಸಾವಿರಕ್ಕೆ ಮಾತಾಗಿದ್ದ ಪ್ಲಾಟು. ಜಮಖಂಡಿಯ ಹೊಸ ಬಡಾವಣೆಯಲ್ಲಿ ಮೂವತ್ತು ನಲವತ್ತರ ಜಾಗ, ಪೂರ್ವಕ್ಕೆ ಮುಖ, ಮುಂದೆ ಅಗಲ ರಸ್ತೆ. ತಗೊಳ್ಳುವವರು ಬೀಳಗಿ ಕಡೆಯ ಒಬ್ಬ ಗೌಡರು. ಹೊಳೆದಂಡೆಯ ಅವರ ಮನೆ ಹಿನ್ನೀರಿಗೆ ಹೋಗಿತ್ತು. ಮುಳುಗಡೆ ಪರಿಹಾರದ ಬಿಲ್ಲು ಕೈಗೆ ಬಂದ ಕೂಡಲೇ ಮುಂಗಡದ ಇಸಾರ ಕೊಡುತ್ತೇನೆ ಎಂದಿದ್ದರು. ಅವರ ಮಾತು ನಂಬಿ ನಾನು ಮುಧೋಳ ರಸ್ತೆಗೆ ಬೆಲ್ಲ ಇಡಲು ಒಂದು ವಖಾರಿಗೆ ಇಸಾರ ಕೊಟ್ಟು ಕೂತಿದ್ದೆ. ಯುಗಾದಿಯೊಳಗೆ ಉಳಿದ ರೊಕ್ಕ ಮುಟ್ಟಿಸದಿದ್ದರೆ ಆ ಇಸಾರ ಹೋದಂತೆಯೇ. ಪ್ಲಾಟು ಮಾರಿದರೆ ವಖಾರಿ, ಇಲ್ಲದಿದ್ದರೆ ಇಲ್ಲ. ವ್ಯವಹಾರ ಇಷ್ಟೇ ಸರಳ ಇತ್ತು. ನಡುವೆ ಕಸ ಬಂತು.

ಊರಲ್ಲಿ ಖಾಲಿ ಜಾಗ ಇಟ್ಟುಕೊಂಡವರಿಗೆಲ್ಲ ಇಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ. ನನಗೆ ಒಂದೇ ವರ್ಷದಲ್ಲಿ ಐದು ಆದವು, ಐದಕ್ಕೂ ಕಾರಣ ಒಬ್ಬರೇ.

೧. ಗುರುತಿನ ಜಾಗ

ಶ್ರಾವಣದ ಒಂದು ಮುಂಜಾನೆ ಪ್ಲಾಟು ನೋಡಲು ಹೋದರೆ ನಟ್ಟನಡುವೆ ಎಮ್ಮೆ ಮಲಗಿದಷ್ಟು ಒಂದು ಗುಡ್ಡೆ. ತೆಂಗಿನ ಗರಿ, ನುಗ್ಗಿ ಟೊಂಗೆ, ಕಾಗದದ ಹೂವಿನ ಮುಳ್ಳುಕಂಟಿ. ನಾನು ನೋಡುತ್ತ ನಿಂತಾಗಲೇ ಬಾಜೂ ಮನೆಯ ಗೋಡೆಯ ಮೇಲಿಂದ ಇನ್ನೊಂದು ಬುಟ್ಟಿ ಬಂದು ಬಿತ್ತು. ಬುಟ್ಟಿಯ ಹಿಂದೆ ನಿವೃತ್ತ ಹೆಡ್ ಮಾಸ್ತರರ ಮುಖ. ತಲೆಗೆ ಟವೆಲ್ಲು, ಕೈಯಲ್ಲಿ ಗಿಡ ಕತ್ತರಿಸುವ ದೊಡ್ಡ ಕತ್ತರಿ. ರಿಟಾಯರ್ ಆದ ಮೇಲೆ ಮಕ್ಕಳ ಬದಲು ಗಿಡಗಳನ್ನು ತಿದ್ದುತ್ತಿದ್ದರು.

"ಸರ, ಇದು ನನ್ನ ಪ್ಲಾಟ್ರಿ" ಅಂದೆ.

"ಗೊತ್ತೈತಿ ಸಾವಕಾರ್ರ, ಅದಕ್ಕ ಹಾಕಾಕತ್ತೇನಿ. ಗುರ್ತಿಲ್ಲದವರ ಜಾಗಾದಾಗ ಹಾಕಿದ್ರ ಸುಮ್ನ ಜಗಳಾ ಆಗ್ತಾವ."

"ಕಸಾ ಅಲ್ರಿ ಸರ ಇದು?"

"ಕಸಾ ಅಂದ್ರ ಪ್ಲಾಸ್ಟಿಕ್ಕು, ಹರಕ ಅರಿವಿ. ಇದು ತಪ್ಪಲಾ, ಗಿಡದ ಎಲಿ. ಭೂಮಿದು ಭೂಮಿಗೆ ಹೋಗಬೇಕು."

"ಹಂಗಾರ ನಿಮ್ಮ ಭೂಮಿಗೆ ಹಾಕ್ರಲ್ಲ."

ಮಾಸ್ತರರು ನನ್ನನ್ನು, ಲೆಕ್ಕ ತಪ್ಪಿದ ಹುಡುಗನನ್ನು ನೋಡುವಂತೆ ನೋಡಿದರು. "ನಮ್ಮ ಭೂಮ್ಯಾಗ ಜಾಗಾ ಎಲ್ಲೈತ್ರಿ? ತೋಟಾ ಮಾಡೇನಿ."

ಗೌಡರು ಯಾವಾಗ ಬಂದಾರೋ ಎಂದು ಅಂದೇ ಟ್ರ್ಯಾಕ್ಟರು ಮಾಡಿ ಎಲ್ಲ ಎತ್ತಿಸಿದೆ. ಟ್ರಾಲಿ ತುಂಬಿ ಹೊರಟಾಗ ಮಾಸ್ತರರು ಗೇಟಿನಿಂದ ಓಡಿ ಬಂದು ಡ್ರೈವರನನ್ನು ನಿಲ್ಲಿಸಿದರು. ನಾಚಿಕೆಯಾಯಿತೇನೋ, ಬಾಡಿಗೆಯಲ್ಲಿ ಪಾಲು ಕೊಡುತ್ತಾರೇನೋ ಅಂದುಕೊಂಡೆ. "ಜರಾ ತಡಿಯಪಾ, ಹೆಂಗೂ ಹೊಂಟೀದಿ" ಎಂದು ಹಿತ್ತಲಿನಿಂದ ಮತ್ತೆ ನಾಲ್ಕು ಬುಟ್ಟಿ ತಂದು ಹೇರಿಸಿದರು. ಹೆಚ್ಚು ಹೊತ್ತು ನಿಂತದ್ದಕ್ಕೆ ಡ್ರೈವರ ನನ್ನ ಹತ್ತಿರ ಚಹಾದ ರೊಕ್ಕ ಬೇರೆ ಇಸಕೊಂಡ.

೨. ಬೇಲಿ

ಬಾಯಿಮಾತು ಹತ್ತುವುದಿಲ್ಲ ಎಂದು ತಿಳಿದು ಬೇಲಿ ಹಾಕಿಸಿದೆ. ಕಲ್ಲುಕಂಬ, ಐದು ಸಾಲು ಮುಳ್ಳುತಂತಿ. ಮಾಸ್ತರರ ಗೋಡೆ ಗಿಡ್ಡ, ಅದಕ್ಕೆ ಆ ಕಡೆ ಕಂಬ ಎತ್ತರವೇ ನಿಲ್ಲಿಸಿದೆ. ಕೆಲಸ ನಡೆದಷ್ಟು ಹೊತ್ತೂ ಮಾಸ್ತರರು ಕುರ್ಚಿ ಹಾಕಿಕೊಂಡು ಕೂತು ನೋಡಿದರು. ಒಂದು ಕಂಬ ಸೊಟ್ಟ ಇದೆ ಎಂದು ಹೇಳಿ ನೆಟ್ಟಗೆ ಮಾಡಿಸಿದರು. ಕೆಲಸದವರಿಗೆ ಚಹಾ ಕೊಟ್ಟರು. ಆಗಲೇ ನನಗೆ ಸಂಶಯ ಬರಬೇಕಿತ್ತು.

ಒಂದೂವರೆ ತಿಂಗಳು ಬಿಟ್ಟು ಹೋದರೆ ತಂತಿ ಕಾಣಲಿಲ್ಲ. ಆ ತುದಿಯಿಂದ ಈ ತುದಿವರೆಗೆ ಹೀರೇಬಳ್ಳಿ ಹಬ್ಬಿ ಹಳದಿ ಹೂವು ಬಿಟ್ಟಿತ್ತು.

"ದೊಡ್ಡ ಮನಸ್ಸು ನಿಮ್ದು ಸಾವಕಾರ್ರ" ಅಂದರು ಮಾಸ್ತರರು. "ಹಂದರಾ ಹಾಕಸಬೇಕಂತ ಎರಡು ವರ್ಷದಿಂದ ವಿಚಾರ ಮಾಡಾಕತ್ತಿದ್ದೆ. ರಿಟಾಯರ್ ಆದವರ ಕೈಲೆ ಎಲ್ಲಿ ಆಗ್ತೈತಿ?"

ಬಳ್ಳಿ ಕಿತ್ತು ಒಗೆಯಬೇಕೆಂದು ಕೈ ಹಾಕಿದೆ. ಕೆಳಗೆ ಮೊಳಕೈ ಉದ್ದದ ಕಾಯಿ ಜೋತಾಡುತ್ತಿದ್ದವು. ಕಾಯಿ ಬಿಟ್ಟ ಬಳ್ಳಿ ಕೀಳಲು ನಮ್ಮ ಕಡೆ ಯಾರಿಗೂ ಕೈ ಏಳುವುದಿಲ್ಲ. ಸುಮ್ಮನೆ ಬಂದೆ. ಮರುದಿನ ನಮ್ಮ ಮನೆಗೆ ಆರು ಹೀರೇಕಾಯಿ ಬಂದವು. ಹೆಂಡತಿ ಪಲ್ಲೆ ಮಾಡಿ ಬಡಿಸುತ್ತ, "ಅಂಥಾ ಛಲೋ ಮಂದಿ ಜೋಡಿ ಯಾಕ ತಂಟೆ ತಗೀತೀರಿ?" ಅಂದಳು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಬಳ್ಳಿಯ ಹಣ್ಣೆಲೆ, ಒಣಗಿದ ಕುಡಿ, ಕೊಳೆತ ಕಾಯಿ ಎಲ್ಲ ತಂತಿಯ ಸಂದಿಯಿಂದ ನನ್ನ ಕಡೆಗೇ ಬೀಳತೊಡಗಿತು. ಮೊದಲು ಬುಟ್ಟಿ ಎತ್ತಿ ಹಾಕುವ ಶ್ರಮವಾದರೂ ಇತ್ತು, ಈಗ ಅದೂ ತಪ್ಪಿತು. ಇದನ್ನೇ ಕೇಳಬೇಕೆಂದಿದ್ದಾಗ ಮಾಸ್ತರರೇ ನಾನು ಬೆಲ್ಲದ ದಲಾಲಿ ಮಾಡುವ ಅಡತಿ ಅಂಗಡಿಗೆ ಬಂದರು. ನಾಲ್ಕು ಗಿರಾಕಿಗಳ ಮುಂದೆ ಕೂತು, ಚಹಾ ಕುಡಿದು ಹೇಳಿದರು: "ನಡುವಿನ ತಂತಿ ಸಡ್ಲ ಬಿದ್ದೈತ್ರಿ, ಕಾಯಿ ಭಾರ ತಡ್ಯಾಂಗಿಲ್ಲ. ಒಬ್ಬ ಆಳನ್ನ ಕಳಿಸಿ ಎಳಸ್ರಿ. ನಿಮ್ಮ ಬೇಲಿಗೆ ನಾ ಕೈ ಹಚ್ಚೂದು ಸರಿ ಕಾಣೂದಿಲ್ಲ."

೩. ಬನ್ನಿ

ದಸರೆಯ ಹೊತ್ತಿಗೆ ತಾಳ್ಮೆ ಮುಗಿದಿತ್ತು. ಕೋರ್ಟಿನ ಹತ್ತಿರ ಗುರುತಿನ ವಕೀಲರಿಗೆ ಹೇಳಿ ನೋಟೀಸು ತಯಾರು ಮಾಡಿಸಿದೆ. "ಮೊದಲು ಬಾಯಿಲೆ ಖಡಕ್ ಹೇಳ್ರಿ, ಹಬ್ಬಾ ಆದ ಮ್ಯಾಲ ಕಳಿಸೂಣು" ಅಂದರು ವಕೀಲರು. ಖಡಕ್ಕಾಗಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದೆ. ಹೋದ ದಿನ ವಿಜಯದಶಮಿ ಎಂಬುದು ನೆನಪಿತ್ತು, ಆದರೆ ಹೊತ್ತು ನೋಡಿಕೊಂಡಿರಲಿಲ್ಲ. ಸಂಜೆಯಾಗಿತ್ತು. ಮಾಸ್ತರರು ಹೊಸ ಧೋತರ ಉಟ್ಟು ಬಾಗಿಲಲ್ಲೇ ನಿಂತಿದ್ದರು. ನಾನು ಬಾಯಿ ತೆರೆಯುವುದರೊಳಗೆ ಕೈಯಲ್ಲಿ ಬನ್ನಿ ಎಲೆ ಇಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂದರು.

ನಮ್ಮ ಕಡೆ ಬನ್ನಿ ಕೊಟ್ಟು ತಗೊಂಡ ಮೇಲೆ ಜಗಳ ಇಲ್ಲ. ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರು ಕೂಡ ಅಂದು ಮಾತಾಡುತ್ತಾರೆ. ಮೇಲಾಗಿ ಅವರು ಹಿರಿಯರು, ನಾನು ಕಿರಿಯ. ನೋಟೀಸು ವಕೀಲರ ಹತ್ತಿರವೇ ಉಳಿಯಿತು, ಬೈಯಲು ಹೋದವನು ಬಗ್ಗಿ ಕಾಲು ಮುಟ್ಟಿ ಬಂದೆ.

ಮರುದಿನ ನೋಡಿದರೆ ಇಡೀ ಓಣಿಗೆ ಹಂಚಿದ ಬನ್ನಿಯೆಲ್ಲ ಅವರ ಹಿತ್ತಲ ಗಿಡದ್ದು. ಎಲೆ ಓಣಿಗೆ ಹೋಗಿತ್ತು, ಮುಳ್ಳುಟೊಂಗೆ ನನ್ನ ಪ್ಲಾಟಿಗೆ ಬಂದಿತ್ತು. ನನ್ನ ಮುಖ ನೋಡಿ ಮಾಸ್ತರರು ಸಮಾಧಾನ ಮಾಡಿದರು: "ಉಳಿದವರಿಗೆ ಬರೇ ಎಲಿ ಕೊಟ್ಟೇನ್ರಿ. ನಿಮಗ ಗಿಡಾನs ಕೊಟ್ಟೇನಿ."

೪. ದೇವರು

ಅಂಗಡಿಯ ಗುಮಾಸ್ತ ಒಂದು ಉಪಾಯ ಹೇಳಿದ. "ಒಂದು ಕಲ್ಲ ಇಟ್ಟು, ಸುಣ್ಣ ಬಳದು, ಕುಂಕುಮ ಹಚ್ರಿ. ದೇವರ ಮುಂದ ಯಾವನೂ ಕಸಾ ಒಗ್ಯಾಂಗಿಲ್ಲ." ಖರ್ಚಿಲ್ಲದ ಉಪಾಯ, ಅದಕ್ಕೇ ಮನಸ್ಸಿಗೆ ಬಂತು. ಒಂದು ಅಮಾವಾಸ್ಯೆಯ ದಿನ ನಾನೇ ಕಲ್ಲು ನಿಲ್ಲಿಸಿ ಬಂದೆ.

ಉಪಾಯ ಅಗದಿ ಹತ್ತಿತು. ಮಾಸ್ತರರ ಕಸ ನಿಂತಿತು. ಅವರ ಮನೆಯವರು ದಿನಾ ಕಲ್ಲಿಗೆ ನೀರು ಹಾಕಿ ಹೂ ಏರಿಸತೊಡಗಿದರು. ಆಮೇಲೆ ಓಣಿಯ ಹೆಣ್ಣುಮಕ್ಕಳೆಲ್ಲ ಬಂದರು. ಯಾರೋ ಕಾಯಿ ಒಡೆದರು, ಯಾರೋ ಗಂಟೆ ಕಟ್ಟಿದರು. ನನ್ನನ್ನು ಕೇಳದೆ ದೇವರಿಗೆ ಹೆಸರೂ ಇಟ್ಟರು. ಇದು ಎಲ್ಲಿಗೆ ಹೋಗುತ್ತದೆ ಎಂಬುದು ನನಗೆ ತಿಳಿದದ್ದು ನಾಲ್ಕು ಮಂದಿ ಹಿರಿಯರು ಅಂಗಡಿಗೆ ಬಂದು ವಂತಿಗೆಯ ಪಟ್ಟಿ ಕೇಳಿದಾಗ.

"ಯಾತರ ಪಟ್ಟಿರಿ?"

"ಕಟ್ಟಿ ಕಟ್ಟಸಬೇಕು, ಮ್ಯಾಲ ತಗಡು ಹಾಕಬೇಕು. ದೇವರು ಎದ್ದದ್ದು ನಿಮ್ಮ ಜಾಗಾದಾಗ. ಮೊದಲನೇ ಪಟ್ಟಿ ನಿಮ್ದು."

"ಆ ಕಲ್ಲು ನಾನs ಇಟ್ಟದ್ದು ಮಾರಾಯ್ರ."

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದರು. ಅವರಲ್ಲಿ ಹಿರಿಯರಾದವರು ಕೈ ಮುಗಿದು ಹೇಳಿದರು: "ನೀವು ಎಲ್ಲಿ ಇಟ್ರಿ ಸಾವಕಾರ್ರ? ನಿಮ್ಮ ಕೈಲೆ ಇಡಿಸ್ಯಾನ."

ಪಟ್ಟಿ ಕೊಟ್ಟೆ. ಕೊಟ್ಟ ಸುದ್ದಿ ಎರಡೇ ದಿನದಲ್ಲಿ ಬೀಳಗಿ ಕಡೆಗೆ ಹೋಯಿತು, ಗೌಡರ ಫೋನು ಬಂತು. "ದೇವರಿದ್ದ ಜಾಗಾ ನಮಗ ಬ್ಯಾಡ್ರಿ ಸಾವಕಾರ್ರ. ನಾವು ಬೀರಪ್ಪನ ಒಕ್ಕಲು. ಇನ್ನೊಬ್ಬ ದೇವರನ್ನ ಎಬ್ಬಿಸಿ ಅಲ್ಲೆ ನಮ್ಮ ಬಚ್ಚಲಾ ಕಟ್ಟಿದ್ರ ಚಂದ ಕಾಣತೈತೇನು?"

ಅಂದು ನಾನು ಊಟ ಮಾಡಲಿಲ್ಲ. ಒಬ್ಬ ವಯಸ್ಸಾದ ಪೂಜಾರಿಯನ್ನು ಹಿಡಿದು ದಾರಿ ಕೇಳಿದೆ. ಇಟ್ಟ ದೇವರನ್ನು ಸುಮ್ಮನೆ ಕೀಳಲು ಬರುವುದಿಲ್ಲ, ಸಂಕ್ರಮಣದ ದಿನ ಡೊಳ್ಳು ಬಾರಿಸಿಕೊಂಡು ಹೋಗಿ ಕೃಷ್ಣೆಗೆ ಬಿಡಬೇಕು, ಬಂದವರಿಗೆಲ್ಲ ಹೋಳಿಗೆ ಊಟ ಹಾಕಬೇಕು ಅಂದ. ಹಾಗೇ ಆಯಿತು. ಗಲಗಲಿಯ ಹೊಳೆಗೆ ಎರಡು ಟೆಂಪೋ ಮಾಡಿದೆ. ಅಡುಗೆಯವರು, ಡೊಳ್ಳಿನವರು, ತುಪ್ಪ, ಎಲೆ ಎಲ್ಲ ನನ್ನ ಲೆಕ್ಕ. ಖರ್ಚಿಲ್ಲದ ಉಪಾಯ ಹೇಳಿದ ಗುಮಾಸ್ತ ಐದು ಹೋಳಿಗೆ ತಿಂದ.

ತಿರುಗಿ ಬರುವಾಗ ಟೆಂಪೋದಲ್ಲಿ ಮಾಸ್ತರರು ನನ್ನ ಬಾಜೂಕ್ಕೇ ಕೂತಿದ್ದರು. ಎಲೆಯಡಿಕೆ ಮೆಲ್ಲುತ್ತ ದೊಡ್ಡ ಉಸಿರು ಬಿಟ್ಟರು. "ಛಲೋ ಆತ್ರಿ. ದೇವರಿದ್ದಾಗ ಕಸಾ ಹಾಕಾಕ ನನಗೂ ಜರಾ ಸಂಕೋಚ ಆಗ್ತಿತ್ತು."

೫. ಕಾಮಣ್ಣನ ಕಟಗಿ

ಗೌಡರಿಗೆ ದೇವರು ಹೋದ ಸುದ್ದಿ ಮುಟ್ಟಿಸಿದೆ. ಅವರ ಬಿಲ್ಲೂ ಬಂದಿತ್ತು. "ಹೋಳಿ ಬಣ್ಣ ಆದ ಮರುದಿನಾ ಬರ್ತೇನಿ. ಟೇಪ್ ತರ್ತೇನಿ. ನಾಕೂ ಮೂಲಿಕಲ್ಲು ಕಣ್ಣಿಗೆ ಕಾಣಬೇಕು. ಸರಕಾರದವರು ನಮ್ಮ ಮನಿ ಅಳದು ಹೋದ ಮ್ಯಾಲ, ನಾ ಸ್ವತಃ ಅಳೀಲಾರದ ಏನೂ ತಗೊಳ್ಳಾಂಗಿಲ್ಲ. ಕಲ್ಲು ಕಾಣಲಿಲ್ಲಂದ್ರ ಮುಧೋಳದಾಗ ಇನ್ನೊಂದು ನೋಡೇನಿ, ಸಿಟ್ಟಾಗಬ್ಯಾಡ್ರಿ" ಅಂದರು.

ಮೂಲೆಕಲ್ಲು ಎಲ್ಲಿಂದ ಕಾಣಬೇಕು? ದೇವರಿದ್ದಾಗ ಕೂಡಿಟ್ಟುಕೊಂಡದ್ದನ್ನೆಲ್ಲ ಸೇರಿಸಿ ಮಾಸ್ತರರು ಪ್ಲಾಟು ತುಂಬಿದ್ದರು. ಒಣಗಿದ ನುಗ್ಗಿ ಗಿಡವೊಂದನ್ನು ಬುಡಸಮೇತ ಉರುಳಿಸಿದ್ದರು. ಟ್ರ್ಯಾಕ್ಟರು ಹುಡುಕಿದೆ, ಕಬ್ಬಿನ ಸೀಜನ್ನು, ಊರ ಟ್ರ್ಯಾಕ್ಟರುಗಳೆಲ್ಲ ಸಕ್ಕರೆ ಕಾರ್ಖಾನೆಯ ಮುಂದೆ ಪಾಳಿಯಲ್ಲಿ ನಿಂತಿದ್ದವು. ಆಳುಗಳೆಲ್ಲ ಕಬ್ಬು ಕಡಿಯಲು ಹೋಗಿದ್ದರು.

ಆಗ ಹೊಳೆದದ್ದು ಹೋಳಿ. ಓಣಿಯ ಹುಡುಗರಿಗೆ ಕಾಮನನ್ನು ಸುಡಲು ಕಟಗಿ ಬೇಕಲ್ಲ. ಹಲಗಿ ಬಾರಿಸುವ ಗುಂಪಿನ ಮುಖಂಡನನ್ನು ಕರೆದು ಹೇಳಿದೆ: "ತಮ್ಮಾ, ನನ್ನ ಪ್ಲಾಟಿನ್ಯಾಗ ಬೇಕಾದಷ್ಟು ಕಟಗಿ ಐತಿ. ಎಲ್ಲಾ ಒಯ್ಯಿರಿ. ಒಂದು ರೂಪಾಯಿ ಬ್ಯಾಡ."

ಅವನ ಮುಖ ಹುಳ್ಳಗಾಯಿತು. "ಕೊಟ್ಟ ಕಟಗಿ ಕಾಮಣ್ಣಗ ನಡಿಯಾಂಗಿಲ್ರಿ ಸಾವಕಾರ್ರ. ಕದ್ದದ್ದs ಆಗಬೇಕು. ನಮ್ಮ ಅಜ್ಜಾರ ಕಾಲದಿಂದ ಕದ್ದು ಸುಟ್ಟೇವಿ. ದಾನಾ ತಗೊಂಡು ಸುಟ್ರ ಬಾಜೂ ಓಣಿಯವರು ನಗ್ತಾರ."

"ಹಂಗಾರ ಕದೀರಿ."

"ನೀವು ಕದೀರಿ ಅಂದ ಮ್ಯಾಲ ಅದೇನ ಕಳವು ಆತು? ಕಾವಲಿದ್ದಲ್ಲೆ ಕದ್ರ ಅದಕೊಂದು ಮಜಾ."

ನನ್ನ ಕಸವನ್ನು ಒಯ್ಯಿಸಲು ನಾನೇ ಅದಕ್ಕೆ ಕಾವಲು ಕೂಡಬೇಕು ಎಂದಾಯಿತು. ಕೂತೆ. ಪ್ಲಾಟಿನಲ್ಲಿ ಹೊರಸು ಹಾಕಿಸಿ, ಕೈಯಲ್ಲಿ ಬಡಿಗೆ ಹಿಡಿದು, ಹೋಗಿಬರುವವರಿಗೆ ಕೇಳುವಂತೆ ಕೂಗಿದೆ: "ಈ ಕಟಗಿಗೆ ಯಾವನಾದರೂ ಕೈ ಹಚ್ಚಿದ್ರ ನೆಟ್ಟಗಾಗಾಂಗಿಲ್ಲ. ಒಂದ ಕಡ್ಡಿ ಸೈತ ಬಿಡಾಂವ ಅಲ್ಲ ನಾ." ಹುಡುಗರು ದೂರದಿಂದ ನೋಡಿ ತಲೆದೂಗಿದರು. ವ್ಯವಹಾರ ಕುದುರಿತು ಅಂದುಕೊಂಡೆ.

ಮಾಸ್ತರರನ್ನು ಮರೆತಿದ್ದೆ. ಅವರು ಗೋಡೆಯ ಮೇಲಿಂದ ಬಹಳ ಹೊತ್ತು ನನ್ನನ್ನೇ ನೋಡಿದರು. ಅಡತಿ ಅಂಗಡಿ ಬಿಟ್ಟು ಸಾವಕಾರ ಬಿಸಿಲಲ್ಲಿ ಕೂತು ತಪ್ಪಲು ಕಾಯುತ್ತಾನೆಂದರೆ ಸುಮ್ಮನೆ ಅಲ್ಲ.

"ಏನ್ ರೇಟ್ ನಡದೈತ್ರಿ?" ಎಂದು ಮೆತ್ತಗೆ ಕೇಳಿದರು.

"ಯಾತರದ್ರಿ?"

"ಇದರದ್ದು. ಒಣಾ ಟೊಂಗಿ, ಗರಿ. ಬೆಲ್ಲದ ಗಾಣದವರು ಉರುವಲಕ್ಕ ತಗೋತಾರೇನು?"

ನನಗೆ ಹೇಳಲಿಕ್ಕೆ ಏನೂ ಇರಲಿಲ್ಲ, ಸುಮ್ಮನಾದೆ. ಅಡತಿಯವನು ರೇಟು ಕೇಳಿದಾಗ ಸುಮ್ಮನಾದನೆಂದರೆ ರೇಟು ಏರಿದೆ ಎಂದೇ ಅರ್ಥ, ಅದು ನಮ್ಮೂರಿನ ಹುಡುಗರಿಗೂ ಗೊತ್ತು. ಮಾಸ್ತರರ ದನಿ ಗಟ್ಟಿಯಾಯಿತು. "ಗಿಡಾ ನಂದು. ನೀರು ಹಾಕಿದಾಂವ ನಾನು, ಕಡದಾಂವ ನಾನು. ಸ್ವಲ್ಪ ದಿನಾ ನಿಮ್ಮ ಜಾಗಾದಾಗ ಇಟ್ಟಿದ್ದೆ ಅಂದ್ರ ಮಾಲು ನಿಮ್ದು ಆಗತೈತೇನು?"

ಕಸ ತನ್ನ ಮನೆಗೆ ತಾನೇ ಹೊರಟಿತ್ತು. ಆದರೆ ಗಿರಾಕಿ ಬಲೆಗೆ ಬಿದ್ದಾಗ ನಗಬಾರದು. "ಅದ್ಹೆಂಗ್ರಿ ಸರ? ನನ್ನ ಜಾಗಾಕ್ಕ ಬಂದದ್ದು ನನ್ದು" ಅಂದೆ. ಅವರು ನ್ಯಾಯ ಮಾತಾಡಿದರು, ನಾನೂ ಮಾತಾಡಿದೆ. ಕಡೆಗೆ ಸೋತವನಂತೆ ಬಡಿಗೆ ನೆಲಕ್ಕೆ ಒಗೆದು, "ಹಿರ್ಯಾರು ನೀವು, ಇಷ್ಟು ಹಟಾ ಮಾಡಿದ್ರ ನಾ ಏನ್ ಮಾಡ್ಲಿ? ಒಯ್ರಿ. ಆದ್ರ ಒಯ್ದ್ರ ಪೂರಾ ಒಯ್ಬೇಕು. ಅರ್ಧಾ ಬಿಟ್ರ ಅದು ನನ್ದು" ಅಂದೆ.

ಎಲ್ಲಿಂದ ಹಿಡಿದು ತಂದರೋ, ಇಬ್ಬರು ಆಳು ಬಂದರು. ನನಗೆ ಊರೆಲ್ಲ ಹುಡುಕಿದರೂ ಸಿಕ್ಕಿರಲಿಲ್ಲ. ಸಂಜೆಯೊಳಗೆ ಇಡೀ ಗುಡ್ಡೆ ಅವರ ಹಿತ್ತಲಿಗೆ ಹೋಯಿತು. ನನಗೆ ಕಡ್ಡಿಯೂ ಸಿಗಬಾರದೆಂದು ಕೆಳಗಿನ ಕೊಳೆತ ತಪ್ಪಲನ್ನೂ ಸಲಿಕೆಯಿಂದ ಕೆರೆದು ಒಯ್ದರು. ತೋಟದಲ್ಲಿ ನಿಲ್ಲಲು ಜಾಗವಿರಲಿಲ್ಲ, ಗುಲಾಬಿ ಗಿಡಗಳ ಮೇಲೆಯೇ ಒಟ್ಟಿದರು. ನಾಲ್ಕೂ ಮೂಲೆಕಲ್ಲು ತಿಕ್ಕಿದ ಹಲ್ಲಿನಂತೆ ಕಂಡವು. ನಾನು ಸಿಟ್ಟಿನ ಮುಖ ಮಾಡಿಕೊಂಡು ಮನೆಗೆ ಬಂದು ಬಹಳ ದಿನಕ್ಕೆ ಹೊಟ್ಟೆತುಂಬ ಉಂಡೆ.

ಉಳಿದದ್ದು ಹುಡುಗರ ಕೆಲಸ. ಕದಿಯಬೇಕಾದ ಮಾಲು ಗೋಡೆ ದಾಟಿತ್ತು, ಕಾವಲೂ ಬದಲಾಗಿತ್ತು, ಅಷ್ಟೇ. ಮಾಸ್ತರರು ಆ ರಾತ್ರಿ ತಾವೇ ಬ್ಯಾಟರಿ ಹಿಡಿದು ಕಾಯುತ್ತ ಕೂತಿದ್ದರಂತೆ, ನಡುವೆ ಒಂದು ಜೋಂಪು ಹತ್ತಿತಂತೆ. ಒಣಗಿದ್ದು ಒಂದೂ ಉಳಿಯಲಿಲ್ಲ. ಜೊತೆಗೆ ಏಣಿ ಹೋಯಿತು, ಅವರು ಸಂಜೆ ಕೂಡುತ್ತಿದ್ದ ಬೆಂಚು ಹೋಯಿತು, ಹಿತ್ತಲ ಕಟಗಿ ಗೇಟೂ ಹೋಯಿತು.

ಬೆಳಕು ಹರಿಯುವಾಗ ಓಣಿಯ ನಡುವೆ ಕಾಮಣ್ಣನಿಗೆ ಬೆಂಕಿ ಬಿತ್ತು. ನಾನೂ ನೋಡಲು ಹೋಗಿದ್ದೆ. ಹಲಗಿ ಕಿವಿ ಕಿತ್ತುಹೋಗುವಂತೆ ನಡೆದಿತ್ತು. ಮಾಸ್ತರರು ಬನಿಯನ್ನಿನ ಮೇಲೆ ಓಡಿ ಬಂದರು. ಉರಿಯ ತುದಿಯಲ್ಲಿ ತಮ್ಮ ಗೇಟು ನಿಂತದ್ದು ಕಂಡಿತು. ಎರಡೂ ಕೈಯಿಂದ ಲಬೋ ಲಬೋ ಎಂದು ಬಾಯಿ ಬಡಕೊಂಡರು.

ಬೇರೆ ದಿನವಾಗಿದ್ದರೆ ಯಾರಾದರೂ ಏನಾಯಿತು ಎಂದು ಕೇಳುತ್ತಿದ್ದರು. ಹೋಳಿಯ ದಿನ ಕಾಮನ ಮುಂದೆ ಬಾಯಿ ಬಡಕೊಳ್ಳುವುದು ನಮ್ಮಲ್ಲಿ ಪದ್ಧತಿ. ಇಡೀ ಓಣಿ ಅವರ ಜೊತೆಗೆ ಬಾಯಿ ಬಡಕೊಂಡಿತು. ಮಾಸ್ತರರು ಸಿಟ್ಟಿಗೆದ್ದು ಬೈಯತೊಡಗಿದರು. ಅಂದು ಬೈಯುವುದೂ ಪದ್ಧತಿಯೇ. ನಲವತ್ತು ವರ್ಷ ಶುದ್ಧ ಮಾತು ಕಲಿಸಿದ ಬಾಯಿಂದ ಬಂದ ಬೈಗುಳ ಕೇಳಿ ಅವರ ಹಳೆಯ ವಿದ್ಯಾರ್ಥಿಗಳಿಗೆ ಆನಂದ ತಡೆಯಲಾಗಲಿಲ್ಲ. ಹಲಗಿಯ ಹುಡುಗ ಬಂದು ಕಾಲು ಮುಟ್ಟಿ, "ಸರ, ಇಷ್ಟು ವರ್ಷ ಬಾರಿಸೇನಿ, ನಿಮ್ಮಂಗ ಮನಸಿನಿಂದ ಬಾಯಿ ಬಡಕೊಂಡಾವ್ರನ್ನ ನೋಡಿಲ್ರಿ" ಅಂದ. ಹೆಗಲ ಮೇಲೆ ಹೊತ್ತು ಓಣಿಯೆಲ್ಲ ಮೆರವಣಿಗೆ ಮಾಡಿದರು. ಅವರು ಇಳಿಸಿ ಎಂದು ಕೂಗಿದಷ್ಟೂ ಹಲಗಿ ಜೋರಾಯಿತು.

ಬಣ್ಣ ಆದ ಮರುದಿನ ಗೌಡರು ಟೇಪು ಹಿಡಿದು ಬಂದರು. ಉದ್ದ ಅಳೆದರು, ಅಗಲ ಅಳೆದರು, ಎರಡು ಸಲ ಅಳೆದರು. ಎಲ್ಲ ಸರಿ ಇತ್ತು. ಬಾಜೂದವರು ಹೇಗೆ ಎಂದು ಕೇಳಿದರು. "ಭಾಳ ಹೌಸಿ ಮನುಷ್ಯಾರು. ಹೋಳಿ ಅಂದ್ರ ಜೀವಾ ಬಿಡ್ತಾರ" ಅಂದೆ, ಅದರಲ್ಲಿ ಸುಳ್ಳೇನಿರಲಿಲ್ಲ. ಗೌಡರು ಕಾಲಿನಿಂದ ನೆಲ ಕೆದರಿದರು. "ಮ್ಯಾಲಿನ ಮಣ್ಣ ಕೆರಕೊಂಡು ಹೋಗ್ಯಾರಲ್ಲ. ದೀಡ ಸಾವಿರ ಮುರೀರಿ." ಯುಗಾದಿ ಹತ್ತಿರ ಬಂದಿತ್ತು, ಸಾವಿರದ ಐನೂರಕ್ಕಾಗಿ ನಾನು ಜಗ್ಗಾಡಲಿಲ್ಲ.

ಇಸಾರ ಕೊಟ್ಟು ಗೌಡರು ಬೇಲಿಯ ಹತ್ತಿರ ಹೋಗಿ ನಿಂತರು. ಮಾಸ್ತರರ ಹಿತ್ತಲಲ್ಲಿ ಒಣಗಿದ್ದೆಲ್ಲ ಸುಟ್ಟುಹೋಗಿ, ನನ್ನ ಪ್ಲಾಟಿನಿಂದ ಕೆರೆದು ಒಯ್ದ ಕೊಳೆತ ತಪ್ಪಲಿನ ಕರಿ ಗುಡ್ಡೆ ಮಾತ್ರ ಉಳಿದಿತ್ತು. ಗೌಡರು ತಂತಿಯ ಸಂದಿಯಿಂದ ಕೈ ಚಾಚಿ ಒಂದು ಹಿಡಿ ಎತ್ತಿ ಮೂಸಿ ನೋಡಿದರು. "ಅಗದಿ ಛಲೋ ಗೊಬ್ಬರ ಐತ್ರಿ ಸರ. ಹೊಲಕ್ಕ ಒಯ್ತೇನಿ, ಏನ್ ಕೊಡ್ಲಿ?" ಹಿತ್ತಲಲ್ಲೇ ನಿಂತಿದ್ದ ಮಾಸ್ತರರು ನನ್ನ ಕಡೆ ಒಮ್ಮೆ ನೋಡಿ ಸುಮ್ಮನಾದರು. ಸುಮ್ಮನಾಗುವುದನ್ನು ನನ್ನಿಂದಲೇ ಕಲಿತಿದ್ದರು. ಗೌಡರು ನನಗೆ ಮುರಿದ ದೀಡ ಸಾವಿರವನ್ನು ಬೇಲಿಯ ಮೇಲಿಂದ ಅವರ ಕೈಗೆ ಎಣಿಸಿದರು.

ಒಟ್ಟು ಲೆಕ್ಕ ಹೀಗೆ ಬಂತು: ನನಗೆ ವಖಾರಿ, ಗೌಡರಿಗೆ ಪ್ಲಾಟು, ಬೇಲಿ, ಒಂದು ಟ್ರಾಲಿ ಗೊಬ್ಬರ, ಮಾಸ್ತರರಿಗೆ ನನ್ನ ರೊಕ್ಕದಲ್ಲಿ ಒಂದು ಹೊಸ ಗೇಟು, ಈ ಸಲ ಕಬ್ಬಿಣದ್ದು.